ಎಸ್‌ಒಪಿ ಎಲ್ಲಿ ಕೈಕೊಟ್ಟಿದೆ? ಇಂಗ್ಲಿಷ್ ತಿದ್ದುವ ಮೊದಲು ನೋಡಬೇಕಾದದ್ದು

ಅಕ್ಟೋಬರ್ ಬಂತೆಂದರೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಎಸ್‌ಒಪಿ (ಸ್ಟೇಟ್‌ಮೆಂಟ್ ಆಫ್ ಪರ್ಪಸ್) ಡ್ರಾಫ್ಟುಗಳು ಬೀಳಲು ಶುರು, ಅಂದರೆ ಹೊರದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿಯ ಜೊತೆ ಕಳಿಸುವ, ಇದನ್ನು ಯಾಕೆ ಓದಬೇಕೆಂದಿದ್ದೇನೆ ಎಂದು ಹೇಳುವ ಬರಹಗಳು. ನಾನು ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ಶನಿವಾರ ಮಧ್ಯಾಹ್ನ ಬನಶಂಕರಿಯ ನಮ್ಮ ಮನೆಗೆ ಫೈನಲ್ ಇಯರ್ ಮಕ್ಕಳು ಹಾಳೆ ಹಿಡಿದು ಬರುತ್ತಾರೆ. ಒಮ್ಮೊಮ್ಮೆ ಅವರ ತಮ್ಮ ತಂಗಿಯರೂ ಬರುತ್ತಾರೆ, ಪಿಯು ಮುಗಿಸುತ್ತಿರುವವರು, ಡಿಗ್ರಿಗೇ ಹೊರಗೆ ಹೋಗಬೇಕೆಂದಿರುವವರು. ಎಲ್ಲರ ಬಾಯಲ್ಲೂ ಒಂದೇ ಮಾತು: "ಮೇಡಂ, ಇಂಗ್ಲಿಷ್ ಒಂಚೂರು ನೋಡ್ಬಿಡಿ."

ಇಂಗ್ಲಿಷ್ ಕೆಟ್ಟಿರುವುದು ಅಪರೂಪ. ಕೆಟ್ಟಿದ್ದರೂ ಅದು ಅರ್ಧ ಗಂಟೆಯ ಕೆಲಸ. ನಿಜವಾದ ದೋಷ ಹಾಳೆಗಿಂತ ಹಿಂದೆ ಇರುತ್ತದೆ. ಮನೆಯಲ್ಲಿ ದೀಪ ಹೋದಾಗ ನಾವು ಮೊದಲೇ ಬಲ್ಬ್ ಬಿಚ್ಚುವುದಿಲ್ಲ. ಬೀದಿಯಲ್ಲಿ ಕರೆಂಟ್ ಇದೆಯಾ ಎಂದು ಕಿಟಕಿಯಿಂದ ನೋಡುತ್ತೇವೆ, ಆಮೇಲೆ ಎಂಸಿಬಿ, ಕೊನೆಗೆ ಬಲ್ಬ್. ಎಸ್‌ಒಪಿಯನ್ನೂ ಅದೇ ಕ್ರಮದಲ್ಲಿ ನೋಡಬೇಕು. ನಾನು ನೋಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು: ಅವರು ಕೇಳಿದ್ದೇನು?

ಲಕ್ಷಣ: ಬರಹ ಚೆನ್ನಾಗಿಯೇ ಇದೆ, ಆದರೆ ಕೇಳಿದ ಪ್ರಶ್ನೆಗೆ ಉತ್ತರವಲ್ಲ.

ಪರೀಕ್ಷೆ ಸುಲಭ. ವೆಬ್‌ಸೈಟ್‌ನಲ್ಲಿರುವ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಕೈಯಿಂದ ಬರೆದುಕೊಂಡು ಡ್ರಾಫ್ಟಿನ ಪಕ್ಕ ಇಟ್ಟುಕೊಳ್ಳಿ. ಪ್ರಶ್ನೆಯ ಪ್ರತಿ ತುಂಡಿಗೂ ಉತ್ತರ ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ತೋರಿಸಲು ಬಾರದಿದ್ದರೆ ಮುಂದಿನ ಯಾವ ರಿಪೇರಿಯೂ ಉಪಯೋಗಕ್ಕಿಲ್ಲ.

ಬೆಂಗಳೂರಿನಲ್ಲಿ ನಾವು ಎಲ್ಲವನ್ನೂ ಎಸ್‌ಒಪಿ ಅಂದುಬಿಡುತ್ತೇವೆ. ಅವು ಬೇರೆ ಬೇರೆ. ಬ್ರಿಟನ್ನಿನಲ್ಲಿ ಡಿಗ್ರಿಗೆ ಸೇರುವವರು ಯುಕಾಸ್ ಎಂಬ, ಅಲ್ಲಿನ ವಿಶ್ವವಿದ್ಯಾಲಯಗಳ ಅರ್ಜಿಗಳನ್ನು ಒಂದೇ ಕಡೆ ತೆಗೆದುಕೊಳ್ಳುವ ಸಂಸ್ಥೆಯ ಮೂಲಕ ಅರ್ಜಿ ಹಾಕುತ್ತಾರೆ. ಅಲ್ಲಿ 2026ರ ಪ್ರವೇಶದಿಂದ ಒಂದೇ ಉದ್ದ ಬರಹದ ಬದಲು ಮೂರು ಪ್ರಶ್ನೆಗಳಿವೆ: ಈ ವಿಷಯ ಯಾಕೆ ಓದಬೇಕೆಂದಿದ್ದೀರಿ, ನಿಮ್ಮ ಓದು ಅದಕ್ಕೆ ಹೇಗೆ ಸಿದ್ಧಮಾಡಿದೆ, ತರಗತಿಯ ಹೊರಗೆ ಇನ್ನೇನು ಮಾಡಿದ್ದೀರಿ ಮತ್ತು ಅದರಿಂದ ಏನು ಉಪಯೋಗ. ಮೂರಕ್ಕೂ ಸೇರಿ ಖಾಲಿ ಜಾಗವನ್ನೂ ಎಣಿಸಿ 4000 ಅಕ್ಷರ, ಒಂದೊಂದಕ್ಕೆ ಕನಿಷ್ಠ 350. ಅದೇ ಬರಹ ಅರ್ಜಿಯಲ್ಲಿ ಆರಿಸಬಹುದಾದ ಐದೂ ಕೋರ್ಸುಗಳಿಗೆ ಹೋಗುವುದರಿಂದ ಅದರಲ್ಲಿ ಒಂದು ವಿಶ್ವವಿದ್ಯಾಲಯದ ಹೆಸರನ್ನು ಹೊಗಳಿ ಬರೆದರೆ ಉಳಿದ ನಾಲ್ಕು ಕಡೆ ಆ ಸಾಲು ದಂಡ. ಅಮೆರಿಕದ ಡಿಗ್ರಿಗೆ, ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಬರೆಯುವ ಪ್ರಬಂಧ ಹೆಚ್ಚೆಂದರೆ 650 ಪದ. ಅದು ವಿಷಯಕ್ಕಿಂತ ಬರೆದವರು ಎಂಥವರು ಎನ್ನುವುದನ್ನು ಕೇಳುತ್ತದೆ. ಅಮೆರಿಕದ ಎಂಎಸ್‌ಗೆ ಕೇಳುವ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ತದ್ವಿರುದ್ಧ. ಅಲ್ಲಿ ಬೇಕಾದದ್ದು ನೀವು ಮಾಡಿದ ಕೆಲಸ ಮತ್ತು ಮುಂದೆ ಮಾಡಬೇಕೆಂದಿರುವ ಕೆಲಸ. ಬರ್ಕ್ಲಿ ವಿಶ್ವವಿದ್ಯಾಲಯದಂಥ ಕಡೆ ಅದರ ಜೊತೆಗೆ ಪರ್ಸನಲ್ ಹಿಸ್ಟರಿ ಎಂದು ಇನ್ನೊಂದು ಬರಹ ಕೇಳುತ್ತಾರೆ. ಮನೆಯ ಕಷ್ಟ, ಬೆಳೆದ ರೀತಿ ಅಲ್ಲಿಗೆ ಸೇರಬೇಕು. ಎರಡಕ್ಕೂ ಒಂದೇ ಫೈಲ್ ಹಾಕಿದವರನ್ನು ನಾನು ನೋಡಿದ್ದೇನೆ.

ಲಕ್ಷಣ: ಹೆಸರು ಬದಲಿಸಿದರೂ ಏನೂ ಕೆಡುವುದಿಲ್ಲ

ನೂರರಲ್ಲಿ ಬಹುಪಾಲು ಡ್ರಾಫ್ಟುಗಳ ಕಾಯಿಲೆ ಇದೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಪರೀಕ್ಷೆ: ನಿಮ್ಮ ಹೆಸರು ತೆಗೆದು ಪಕ್ಕದ ಬೆಂಚಿನವರ ಹೆಸರು ಹಾಕಿ ಓದಿ. ಸುಳ್ಳಾಗುವ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ಆಮೇಲೆ ವಿಷಯದ ಹೆಸರನ್ನೂ ಬದಲಿಸಿ, ಡೇಟಾ ಸೈನ್ಸ್ ಇರುವಲ್ಲಿ ಸಿವಿಲ್ ಎಂದು ಹಾಕಿ. ಆಗಲೂ "ಬಾಲ್ಯದಿಂದಲೂ ಆಸಕ್ತಿ", "ಸದಾ ಬದಲಾಗುತ್ತಿರುವ ಕ್ಷೇತ್ರ", "ಸಮಾಜಕ್ಕೆ ಕೊಡುಗೆ" ಎಲ್ಲವೂ ಅಲುಗಾಡದೆ ನಿಂತಿರುತ್ತವೆ. ಗೆರೆ ಬಿದ್ದ ಸಾಲು ಎರಡು ಪುಟದಲ್ಲಿ ನಾಲ್ಕೋ ಐದೋ. ಬರಹದಲ್ಲಿ ಜೀವ ಇರುವುದು ಅಷ್ಟೇ.

ಕಾರಣವನ್ನು ಮಕ್ಕಳ ಸೋಮಾರಿತನಕ್ಕೆ ಹಾಕಲು ನನಗೆ ಮನಸ್ಸಿಲ್ಲ. ಸಿಇಟಿಯಲ್ಲಿ ರ‍್ಯಾಂಕ್ ಬಂದರೆ ಸೀಟು. ನೀನು ಯಾಕೆ ಇದನ್ನು ಓದಬೇಕು ಎಂದು ಎಸ್‌ಎಸ್‌ಎಲ್‌ಸಿಯಿಂದ ಎಂಟನೇ ಸೆಮ್‌ವರೆಗೆ ನಾವು ಒಮ್ಮೆಯೂ ಕೇಳಿಲ್ಲ. ಬರೆಯುವುದನ್ನು ಕಲಿಸಿದ್ದು ಲ್ಯಾಬ್ ರೆಕಾರ್ಡಿನಲ್ಲಿ: ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ. ಅರವತ್ತು ಜನರ ರೆಕಾರ್ಡಿನಲ್ಲೂ ಒಂದೇ ಬರಹ, ಸೀನಿಯರ್ ರೆಕಾರ್ಡ್ ನೋಡಿ ಇಳಿಸಿದ್ದು. ಯಾರ ಪ್ರಯೋಗವೂ ಅದರಲ್ಲಿ ತಪ್ಪುವುದಿಲ್ಲ, "ನಾನು" ಎಂಬ ಪದಕ್ಕೆ ಅಲ್ಲಿ ಜಾಗವಿಲ್ಲ. ಅದೇ ಕೈ ಎಸ್‌ಒಪಿ ಬರೆಯಲು ಕೂತರೆ ಸೀನಿಯರ್ ಎಸ್‌ಒಪಿ ಹುಡುಕುವುದು ಸಹಜವೇ.

ರಿಪೇರಿಗೆ ಒಂದು ಉದಾಹರಣೆ ಕೊಡುತ್ತೇನೆ. ಎನ್ವಿರಾನ್‌ಮೆಂಟಲ್ ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಮಾಡಬೇಕೆಂದಿದ್ದ ಸಿವಿಲ್ ಹುಡುಗಿ, ಮಹದೇವಪುರ ಕಡೆಯವಳು. ಅವಳ ಮೊದಲ ಪ್ಯಾರಾ ಹೀಗಿತ್ತು: ನೀರು ಜೀವದ ಮೂಲ, ಜಗತ್ತು ನೀರಿನ ಬಿಕ್ಕಟ್ಟು ಎದುರಿಸುತ್ತಿದೆ, ಚಿಕ್ಕಂದಿನಿಂದಲೂ ಪರಿಸರದ ಬಗ್ಗೆ ನನಗೆ ಪ್ಯಾಷನ್. ಹೆಸರು ಬದಲಿಸಿ ಓದಿದೆ. ಒಂದು ಗೆರೆಯೂ ಬೀಳಲಿಲ್ಲ.

ಹಾಳೆ ಮಗುಚಿಟ್ಟು ಕನ್ನಡದಲ್ಲಿ ಕೇಳಿದೆ: "ಹೋಗಲಿ ಬಿಡಮ್ಮ. 2024ರ ಬೇಸಿಗೆಯಲ್ಲಿ ನಿಮ್ಮನೇಲಿ ನೀರಿಗೆ ಏನು ಮಾಡಿದ್ರಿ?"

ಮಾತು ಹೊರಳಿದ್ದು ಅಲ್ಲಿ. ಬೋರ್‌ವೆಲ್ ಬತ್ತಿತ್ತು. ಕಾವೇರಿ ನೀರಿನ ಯೋಜನೆಯ ಐದನೇ ಹಂತದ ಉದ್ಘಾಟನೆ ಆದದ್ದು ಆ ವರ್ಷದ ಅಕ್ಟೋಬರ್‌ನಲ್ಲಿ, ಅಲ್ಲಿಯವರೆಗೆ ಟ್ಯಾಂಕರೇ ಗತಿ. ಒಂದೊಂದು ಟ್ಯಾಂಕರಿನ ನೀರಿಗೆ ಒಂದೊಂದು ರುಚಿ. ಅವಳು ನೀರಿನಲ್ಲಿ ಎಷ್ಟು ವಸ್ತು ಕರಗಿದೆ ಎಂದು ತೋರಿಸುವ, ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ತರಿಸಿಕೊಂಡಿದ್ದಳು. ಸಂಪ್‌ಗೆ ಪೈಪ್ ಬಿಟ್ಟ ತಕ್ಷಣ ಒಂದು ಲೋಟ ಹಿಡಿದು ಅಳೆಯುವುದು, ಬಂದ ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಮ್ಮನ ಹಾಲಿನ ಲೆಕ್ಕದ ಪಕ್ಕ ಬರೆಯುವುದು. ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಮಾನದಂಡದಲ್ಲಿ ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಪ್ಪುವ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 2000 ತನಕ ಎಂದು ಆಗಲೇ ಓದಿಕೊಂಡಿದ್ದಳು. ಎರಡು ಟ್ಯಾಂಕರ್‌ಗಳ ನೀರು ಮೀಟರಿನಲ್ಲಿ 900ರ ಆಸುಪಾಸಿಗೇ ಬಂತು, ಆದರೆ ಒಂದರಲ್ಲಿ ಸೋಪು ನೊರೆ ಬರುತ್ತಿತ್ತು, ಇನ್ನೊಂದರಲ್ಲಿ ಇಲ್ಲ. ಎರಡು ಬಾಟಲಿ ತುಂಬಿ ಕಾಲೇಜಿನ ಲ್ಯಾಬಿಗೆ ತಂದು ಗಡಸುತನ, ಅಂದರೆ ನೊರೆ ಬಾರದಂತೆ ಮಾಡುವ ಲವಣಗಳ ಪ್ರಮಾಣ, ಅಳೆದಳು. ಬ್ಯೂರೆಟ್‌ನಿಂದ ಇಡಿಟಿಎ ಎಂಬ ದ್ರಾವಣ ಹನಿ ಹನಿಯಾಗಿ ಬಿಟ್ಟು, ಕೆಂಪು ದ್ರಾಕ್ಷಾರಸದ ಬಣ್ಣ ನೀಲಿಗೆ ತಿರುಗುವ ಗಳಿಗೆ ಕಾಯುವುದು. ಒಂದರ ಗಡಸುತನ ಇನ್ನೊಂದರ ಎರಡರಷ್ಟಿತ್ತು.

"ಮೀಟರ್ ಅಳೆಯೋದು ನೀರಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದನ್ನ ಅಷ್ಟೇ ಮೇಡಂ. ಎಷ್ಟು ಕರಗಿದೆ ಅನ್ನೋ ಅಂದಾಜು ಸಿಗುತ್ತೆ, ಏನು ಕರಗಿದೆ ಅಂತ ಗೊತ್ತಾಗಲ್ಲ. ಎರಡನೇ ಬಾಟಲೀಲಿ ಗಡಸುತನ ಬಿಟ್ಟು ಮಿಕ್ಕಿದ್ದು ಏನು ಅಂತ ನಂಗೆ ಕೊನೆಗೂ ಗೊತ್ತಾಗಲಿಲ್ಲ. ನೈಟ್ರೇಟ್ ಇರಬಹುದು ಅನ್ನೋ ಅನುಮಾನ. ಅದು ಅಳೆಯೋಕೆ ನಮ್ಮ ಲ್ಯಾಬಲ್ಲಿ ಆಗಲಿಲ್ಲ."

ಇದೆಲ್ಲ ಡ್ರಾಫ್ಟಿನಲ್ಲಿ ಯಾಕಿಲ್ಲ ಎಂದು ಕೇಳಿದೆ. "ಅದು ಮನೆ ವಿಷಯ ಅಲ್ವಾ ಮೇಡಂ?" ಅಂದಳು.

ಹೊಸ ಡ್ರಾಫ್ಟ್ ಕ್ಯಾಲೆಂಡರಿನಿಂದ ಶುರುವಾಯಿತು. ಅದರ ಸಾರ ಇಷ್ಟು: "2024ರ ಏಪ್ರಿಲ್‌ನಲ್ಲಿ ಒಂದೇ ವಾರ ನಮ್ಮ ಸಂಪ್‌ಗೆ ಎರಡು ಟ್ಯಾಂಕರ್ ನೀರು ಬಂತು. ಮೀಟರ್ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ತೋರಿಸಿತು. ಲ್ಯಾಬಿನಲ್ಲಿ ಒಂದರ ಗಡಸುತನ ಇನ್ನೊಂದರ ದುಪ್ಪಟ್ಟು. ಉಳಿದ ಪಾಲು ಏನೆಂದು ನನಗೆ ಹೇಳಲಾಗಲಿಲ್ಲ." ಪ್ಯಾಷನ್ ಎಂಬ ಪದವನ್ನು ತೆಗೆದೇಬಿಟ್ಟಳು. ಹಬ್ಬದ ಕೆಲಸದ ನಡುವೆಯೂ ಲೋಟ ಹಿಡಿದು ಸಂಪ್ ಹತ್ತಿರ ನಿಂತವಳಿಗೆ ಆಸಕ್ತಿ ಇದೆ ಎಂದು ಬೇರೆ ಹೇಳಬೇಕಾಗಿಲ್ಲ. ಆ ಕೊನೆಯ ವಾಕ್ಯದ ಬೆಲೆಯನ್ನೂ ಗಮನಿಸಿ. ಗೊತ್ತಾಗಲಿಲ್ಲ ಎಂದು ಒಪ್ಪಿಕೊಂಡಿರುವುದರಿಂದಲೇ ಮುಂದೆ ಓದಲು ಕಾರಣ ಹುಟ್ಟಿತು. ನಮ್ಮ ಮಕ್ಕಳು ಲ್ಯಾಬ್ ರೆಕಾರ್ಡಿನಲ್ಲಿ ಅಳಿಸಿಹಾಕುವುದು ಇದನ್ನೇ.

ನೀವೂ ಹೀಗೆ ಮಾಡಿ. ಡ್ರಾಫ್ಟ್ ಮುಚ್ಚಿಟ್ಟು, ಸ್ನೇಹಿತರೊಬ್ಬರ ಎದುರು ಕೂತು, ಫೋನಿನಲ್ಲಿ ರೆಕಾರ್ಡ್ ಹಾಕಿ ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಿ. ಉರ್ದು, ತಮಿಳು, ತೆಲುಗು, ಮನೆಯ ಮಾತು ಯಾವುದೋ ಅದರಲ್ಲಿ. ಕೇಳುವವರು ಎರಡೇ ಪ್ರಶ್ನೆ ಹಾಕಲಿ: "ಆಮೇಲೆ ಏನ್ ಮಾಡ್ದೆ?" "ಎಲ್ಲಿ ಸಿಕ್ಕಿಹಾಕ್ಕೊಂಡೆ?" ಇಂಗ್ಲಿಷಿನಲ್ಲಿ ಯೋಚಿಸಿದರೆ ಎಲ್ಲೋ ಓದಿದ ವಾಕ್ಯಗಳೇ ಬಾಯಿಗೆ ಬರುತ್ತವೆ. ಮನೆ ಮಾತಿನಲ್ಲಿ ಅಂಥ ವಾಕ್ಯಗಳು ನಮ್ಮ ಬಳಿ ಇಲ್ಲ, ಆದ್ದರಿಂದ ನಡೆದದ್ದನ್ನೇ ಹೇಳುತ್ತೇವೆ.

ಲಕ್ಷಣ: ರೆಸ್ಯೂಮೆ ಪ್ಯಾರಾ ಆಗಿದೆ

ಮೂರು ಇಂಟರ್ನ್‌ಶಿಪ್, ನಾಲ್ಕು ಆನ್‌ಲೈನ್ ಸರ್ಟಿಫಿಕೇಟ್, ಹ್ಯಾಕಥಾನ್, ಫೆಸ್ಟಿನ ವಾಲಂಟಿಯರ್, ಎಲ್ಲವೂ ತಲಾ ಒಂದು ಸಾಲು. ಇವೆಲ್ಲ ರೆಸ್ಯೂಮೆಯಲ್ಲಿ ಈಗಾಗಲೇ ಇವೆ.

ಪರೀಕ್ಷೆ: ಕ್ರಿಯಾಪದಗಳನ್ನು ಮಾತ್ರ ಪಟ್ಟಿ ಮಾಡಿ. "ಭಾಗವಹಿಸಿದೆ, ಕಲಿತೆ, ಪರಿಚಯವಾಯಿತು, ಅನುಭವ ಸಿಕ್ಕಿತು" ಇವೇ ಇದ್ದರೆ ಕೈಯಿಂದ ಮಾಡಿದ್ದು ಹಾಳೆಯ ಮೇಲೆ ಬಂದಿಲ್ಲ ಎಂದರ್ಥ. "ಅಳೆದೆ, ಕಟ್ಟಿದೆ, ಬಿಚ್ಚಿದೆ, ಹೋಲಿಸಿದೆ, ತಪ್ಪು ಹುಡುಕಿದೆ" ಬರಬೇಕು. ಗುಂಪಿನ ಪ್ರಾಜೆಕ್ಟಾದರೆ ನಾಲ್ವರಲ್ಲಿ ನಿಮ್ಮ ಪಾಲಿಗೆ ಬಂದದ್ದು ಯಾವುದು ಎನ್ನುವುದು ಒಂದು ವಾಕ್ಯದಲ್ಲಿ ಇರಲೇಬೇಕು. ರಿಪೇರಿ ಎಂದರೆ ಕತ್ತರಿ. ಎರಡು ಕೆಲಸ ಉಳಿಸಿಕೊಂಡು ಅವನ್ನು ಬಿಡಿಸಿ ಹೇಳಿ. ಬಿಟ್ಟುಹೋದದ್ದಕ್ಕೆ ಮರುಗಬೇಡಿ, ರೆಸ್ಯೂಮೆ ಅದನ್ನು ನೋಡಿಕೊಳ್ಳುತ್ತದೆ.

ಲಕ್ಷಣ: ಬ್ಯಾಕ್‌ಲಾಗಿನ ನೆರಳು

ಬ್ಯಾಕ್‌ಲಾಗ್ ಎಂದರೆ ಫೇಲಾಗಿ ಉಳಿದ ಪೇಪರ್. ಡ್ರಾಫ್ಟಿನಲ್ಲಿ ಇದು ಎರಡು ರೂಪದಲ್ಲಿ ಬರುತ್ತದೆ. ಒಂದು, ಏನೂ ಆಗಿಲ್ಲವೆಂಬಂತೆ ಬರೆದಿರುತ್ತಾರೆ. ಇನ್ನೊಂದು, ಮುಕ್ಕಾಲು ಪುಟ ಕ್ಷಮೆ ಕೇಳಿರುತ್ತಾರೆ. ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮ್‌ಗಳ ಅಂಕಪಟ್ಟಿ) ವಿಶ್ವವಿದ್ಯಾಲಯದವರ ಕೈಯಲ್ಲಿ ಇರುತ್ತದೆ, ಮುಚ್ಚಿಡಲು ಆಗುವುದಿಲ್ಲ. ಅತ್ತು ತೋರಿಸಿದರೆ ಓದುವವರ ಕಣ್ಣು ಆ ಒಂದು ಪೇಪರಿನ ಮೇಲೇ ನಿಲ್ಲುತ್ತದೆ.

ಇಲೆಕ್ಟ್ರಾನಿಕ್ಸ್ ಹುಡುಗನೊಬ್ಬ ಮೂರನೇ ಸೆಮ್‌ನ ಗಣಿತದಲ್ಲಿ ಫೇಲಾಗಿದ್ದ. ಆ ಸೆಮ್‌ನಲ್ಲಿ ಅವನ ತಂದೆಗೆ ಆಪರೇಷನ್ ಆಗಿತ್ತು, ಆಸ್ಪತ್ರೆಯಲ್ಲಿ ರಾತ್ರಿ ಮಲಗುತ್ತಿದ್ದವನು ಇವನೇ. ಡ್ರಾಫ್ಟಿನಲ್ಲಿ ಆಸ್ಪತ್ರೆಯ ಕಾರಿಡಾರ್ ಒಂದು ಇಡೀ ಪ್ಯಾರಾ ತುಂಬಿತ್ತು. ಓದಿ ನನಗೇ ಗಂಟಲು ಕಟ್ಟಿತು. ಆದರೂ ಅದು ಅಲ್ಲಿರಬಾರದು ಎಂದೆ. ಆ ಪೇಪರಿನಲ್ಲಿ ಏನಿತ್ತು ಎಂದು ಕೇಳಿದೆ. ಫೋರಿಯರ್. ಮುಂದೆ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ? ಅದೇ ಫೋರಿಯರ್, ಆಗ ಒಳ್ಳೆಯ ಅಂಕ ಬಂದಿತ್ತು. ಹಾಗಾದರೆ ಹೇಳಬೇಕಾದದ್ದು ಮೂರು ವಾಕ್ಯ: ಮನೆಯಲ್ಲಿ ಗಂಭೀರ ಅನಾರೋಗ್ಯವಿದ್ದ ಸೆಮ್‌ನಲ್ಲಿ ಗಣಿತ ಉಳಿಯಿತು, ಮುಂದಿನ ಅವಕಾಶದಲ್ಲೇ ಪಾಸಾದೆ, ಅದೇ ಗಣಿತದ ಮೇಲೆ ನಿಂತ ವಿಷಯದಲ್ಲಿ ಆಮೇಲೆ ಹೀಗೆ ಮಾಡಿದೆ. ಅರ್ಜಿಯಲ್ಲಿ ಹೆಚ್ಚುವರಿ ಮಾಹಿತಿಗೆ ಪ್ರತ್ಯೇಕ ಜಾಗ ಕೊಟ್ಟಿದ್ದರೆ ಈ ಮೂರೂ ಅಲ್ಲಿಗೆ ಹೋಗಲಿ. ಓದಿನ ನಡುವೆ ಒಂದು ವರ್ಷ ಬಿಟ್ಟಿದ್ದರೂ ಇದೇ ಮದ್ದು.

ಲಕ್ಷಣ: ದನಿ ನಿಮ್ಮದಲ್ಲ

ಒಂದೇ ಶನಿವಾರ ಬೇರೆ ಬೇರೆ ಕಾಲೇಜಿನ ಇಬ್ಬರು ತಂದ ಡ್ರಾಫ್ಟುಗಳ ಮೊದಲ ಎರಡು ಸಾಲು ಅಕ್ಷರಕ್ಕಕ್ಷರ ಒಂದೇ ಆಗಿದ್ದವು. ಇಬ್ಬರೂ ಹಣ ಕೊಟ್ಟದ್ದು ಒಂದೇ ಕನ್ಸಲ್ಟೆನ್ಸಿಗೆ. ಇಬ್ಬರಿಗೂ ಅದು ಗೊತ್ತಿರಲಿಲ್ಲ, ಇಬ್ಬರ ಮುಖವೂ ಬಾಡಿತು. ಮಕ್ಕಳ ಭವಿಷ್ಯದ ಮೇಲೆ ಹೀಗೆ ಅಚ್ಚು ಒತ್ತುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯುಕಾಸ್ ಬಂದ ಬರಹಗಳನ್ನೆಲ್ಲ ಹಳೆಯವುಗಳ ಜೊತೆ ಹೋಲಿಸಿ ನೋಡುತ್ತದೆ, ಹೋಲಿಕೆ ಕಂಡರೆ ವಿಶ್ವವಿದ್ಯಾಲಯಗಳಿಗೆ ತಿಳಿಸುತ್ತದೆ. ಚಾಟ್‌ಜಿಪಿಟಿಯಂಥವುಗಳಿಂದ ಬರೆಸಿ ತನ್ನದೆಂದು ಕಳಿಸುವುದನ್ನೂ ಅದು ಮೋಸವೆಂದು ಪರಿಗಣಿಸಬಹುದು. ಸಿಕ್ಕಿಬೀಳುವ ಭಯ ಒಂದು ಕಡೆ ಇರಲಿ, ಯಂತ್ರಕ್ಕೆ ನಿಮ್ಮ ಸಂಪ್ ಗೊತ್ತಿಲ್ಲ, ಕ್ಯಾಲೆಂಡರ್ ಗೊತ್ತಿಲ್ಲ. ಅದು ಬರೆಯುವುದು ಮತ್ತೆ ಆ ಹೆಸರು ಬದಲಿಸಬಹುದಾದ ಪ್ಯಾರಾವನ್ನೇ.

ಪರೀಕ್ಷೆ ವೈವಾದ ಹಾಗೆ. ಡ್ರಾಫ್ಟಿನ ಯಾವುದೋ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದರ ಬಗ್ಗೆ ಎರಡು ನಿಮಿಷ ಮಾತಾಡು" ಎನ್ನುತ್ತೇನೆ. ಮಾತು ಅರ್ಧ ನಿಮಿಷಕ್ಕೆ ನಿಂತರೆ ಆ ಸಾಲು ಎರವಲು.

ಇದೇ ಕಾಯಿಲೆಯ ಇನ್ನೊಂದು ಬಗೆಯೂ ಇದೆ, ಒಳ್ಳೆಯ ಮನಸ್ಸಿನಿಂದ ಆಗುವಂಥದ್ದು. ಡಲ್ಲಾಸ್‌ನಲ್ಲಿರುವ ಚಿಕ್ಕಪ್ಪ ಒಂದು ಸಲ ತಿದ್ದುತ್ತಾರೆ, ಅಕ್ಕನ ಗಂಡ ಇನ್ನೊಂದು ಸಲ, ಟ್ಯೂಷನ್ ಸರ್ ಮತ್ತೊಂದು ಸಲ. ಮೊದಲ ಪ್ಯಾರಾ ಆಫೀಸಿನ ಇ-ಮೇಲ್, ಎರಡನೆಯದು ಭಾಷಣ, ಮೂರನೆಯದರಲ್ಲಿ ಮಾತ್ರ ಆ ಹುಡುಗ ಅಲ್ಲಲ್ಲಿ ಕಾಣುತ್ತಾನೆ. ಓದಲು ಇಬ್ಬರು ಸಾಕು: ವಿಷಯ ಬಲ್ಲವರೊಬ್ಬರು, ನಿಮ್ಮನ್ನು ಬಲ್ಲವರೊಬ್ಬರು. ಅವರು ಗುರುತು ಹಾಕಲಿ, ತಿದ್ದುವ ಪೆನ್ನು ನಿಮ್ಮ ಕೈಯಲ್ಲೇ ಇರಲಿ.

ಲಕ್ಷಣ: "ಈ ವಿಶ್ವವಿದ್ಯಾಲಯವೇ ಯಾಕೆ?" ಎಂಬಲ್ಲಿ ಗಾಳಿ

ವಿಶ್ವದರ್ಜೆಯ ಪ್ರಾಧ್ಯಾಪಕರು, ಅತ್ಯಾಧುನಿಕ ಲ್ಯಾಬ್, ವೈವಿಧ್ಯಮಯ ಕ್ಯಾಂಪಸ್. ಇದನ್ನು ಐಐಎಸ್‌ಸಿಗೂ ಬರೆಯಬಹುದು, ಆಚೆ ಬೀದಿಯ ಕಾಲೇಜಿಗೂ ಬರೆಯಬಹುದು. ಅವರ ಕೋರ್ಸ್ ಪುಟ ತೆರೆದು ಅಲ್ಲಿ ಕಲಿಸುವ ವಿಷಯಗಳ ಪಟ್ಟಿ ಓದಿ. ನಿಮ್ಮ ಪ್ರಶ್ನೆಗೆ ತಾಗುವುದು ಯಾವುದು ಎಂದು ಒಂದೆರಡನ್ನು ಗುರುತಿಸಿ. ಪ್ರಾಧ್ಯಾಪಕರ ಹೆಸರು ಹಾಕುವುದಾದರೆ ಅವರ ಒಂದು ಪ್ರಬಂಧವನ್ನಾದರೂ ಕೊನೆಯವರೆಗೆ ಓದಿರಬೇಕು. ಪ್ರಬಂಧದ ಹೆಸರು ಮಾತ್ರ ಗೊತ್ತಿದ್ದರೆ ಬರೆಯಬೇಡಿ. ನಮ್ಮ ಟ್ಯಾಂಕರ್ ಹುಡುಗಿ ಎರಡು ಸಂಜೆ ಕೂತು ಅಂತರ್ಜಲದ ರಸಾಯನದ ಕುರಿತ ಒಂದು ವಿಷಯದ ಪಠ್ಯಕ್ರಮ ಓದಿದಳು. "ನನ್ನ ಎರಡನೇ ಬಾಟಲಿಗೆ ಬೇಕಾದದ್ದು ಇದು" ಎಂಬರ್ಥದ ಒಂದು ವಾಕ್ಯ ಹೊರಟಿತು. ಮುಕ್ಕಾಲು ಪುಟದ ಹೊಗಳಿಕೆಯ ಜಾಗದಲ್ಲಿ ಆ ಒಂದು ವಾಕ್ಯ ಸಾಕಾಯಿತು.

ಇಂಗ್ಲಿಷ್, ಮತ್ತು ಕಳಿಸುವ ದಿನ

ಬಲ್ಬಿನ ಸರದಿ ಈಗ. ಜೋರಾಗಿ ಓದಿ. ಉಸಿರು ಸಾಲದ ವಾಕ್ಯವನ್ನು ಎರಡು ಮಾಡಿ. ನೀವು ಬಾಯಲ್ಲಿ ಯಾವತ್ತೂ ಆಡದ ಪದವಿದ್ದರೆ ತೆಗೆಯಿರಿ. ಮೊದಲ ಸಾಲಿನಲ್ಲಿ ಮಹನೀಯರ ಉಕ್ತಿ ಇದ್ದರೆ ಅದನ್ನೂ ತೆಗೆಯಿರಿ, ಇರುವ ಜಾಗವೇ ಕಡಿಮೆ.

ಪಿಡಿಎಫ್ ತೆರೆದು ಬೇರೆ ವಿಶ್ವವಿದ್ಯಾಲಯದ ಹೆಸರು ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿ, ಫೈಲಿನ ಹೆಸರಿನಲ್ಲೂ ನೋಡಿ. ನಮ್ಮ ಕಡೆ ಇನ್ನೊಂದು ತೊಡಕು ಇನಿಷಿಯಲ್‌ದು. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೋ ಹಿಂದೋ ಒಂದಕ್ಷರ, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆದ ತಂದೆಯ ಹೆಸರೋ ಊರಿನ ಹೆಸರೋ. ಅರ್ಜಿಯಲ್ಲಿ ಪಾಸ್‌ಪೋರ್ಟಿನ ಪ್ರಕಾರ ಹಾಕಿ, ಶಿಫಾರಸು ಪತ್ರ ಬರೆಯುವ ಮೇಷ್ಟ್ರಿಗೂ ಅದೇ ಹೆಸರನ್ನು ಮೊದಲೇ ಕಳಿಸಿ. ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ವೈದ್ಯಕೀಯದ ಬಹುತೇಕ ಕೋರ್ಸುಗಳಿಗೆ ಯುಕಾಸ್ ಗಡುವು ಅಕ್ಟೋಬರ್ 15. ದಸರಾ ರಜೆಯ ಮೇಲೆ ಭಾರ ಹಾಕಿ ಕೂರಬೇಡಿ.

ಎಲ್ಲ ಆದ ಮೇಲೂ ಒಂದು ಪರೀಕ್ಷೆ ಉಳಿಯುತ್ತದೆ. ಬರೆದದ್ದನ್ನು ಮನೆಯಲ್ಲಿ ಒಬ್ಬರಿಗೆ ಕನ್ನಡದಲ್ಲಿ ಓದಿ ಹೇಳಬೇಕು. ಟ್ಯಾಂಕರ್ ಹುಡುಗಿ ಅಮ್ಮನಿಗೆ ಹೇಳಿದಳಂತೆ. ಅಮ್ಮ ತರಕಾರಿ ಹೆಚ್ಚುತ್ತಾ ಕೇಳುತ್ತಿದ್ದವರು ಮೊದಲ ಸಾಲಿಗೇ ತಡೆದರು: "ಒಂದೇ ವಾರ ಎಲ್ಲಿ ಕಣೇ? ಮೊದಲನೇದು ಯುಗಾದಿಗೆ ಮುಂಚೆ, ಎಣ್ಣೆ ಸ್ನಾನಕ್ಕೆ ನೀರಿಲ್ಲ ಅಂತ ತರಿಸಿದ್ದು. ಇನ್ನೊಂದು ಹಬ್ಬ ಆಗಿ ಹತ್ತು ದಿನಕ್ಕೆ." ಅಟ್ಟದ ಮೇಲಿನಿಂದ ಹಳೇ ಕ್ಯಾಲೆಂಡರ್ ಇಳಿಸಿ ನೋಡಿದರೆ ಅಮ್ಮ ಹೇಳಿದ್ದೇ ಸರಿ. ಮೊದಲ ಬಾಟಲಿ ಲ್ಯಾಬಿಗೆ ಹೋಗುವ ಮುನ್ನ ಅಷ್ಟೂ ದಿನ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿತ್ತು ಎಂಬುದೂ ಆಗ ನೆನಪಾಯಿತು. ಹುಡುಗಿ "ಒಂದೇ ವಾರ" ಎಂಬುದನ್ನು ಹೊಡೆದುಹಾಕಿ ನಿಜವಾದ ಅಂತರ ಬರೆದಳು, ಬಾಟಲಿ ಅಷ್ಟು ದಿನ ಹಾಗೇ ಇದ್ದದ್ದರಿಂದ ಅಳತೆಯಲ್ಲಿ ವ್ಯತ್ಯಾಸ ಆಗಿರಬಹುದು ಎಂದು ಇನ್ನೊಂದು ಸಾಲು ಸೇರಿಸಿದಳು, ಆಮೇಲೆ ಕಳಿಸಿದಳು.